ಬ್ರಾಕೆಟ್ ಹಾಕಿದ ಮೇಲೆ 13 ಸರಿಯಾಯ್ತು, 15 ಕೆಟ್ಟಿತು

ಪ್ರಶ್ನೆ: ಸರ್, ನಮಸ್ಕಾರ. ಕಲಬುರಗಿ ನೆಹರು ಗಂಜಿನ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಓದಿದ್ದು ಬಿ.ಕಾಂ., ಪ್ರೋಗ್ರಾಮಿಂಗ್ ಕಲಿತವನಲ್ಲ. ನಮ್ಮ ತೊಗರಿ ಬಿಲ್ಲಿನ ಸಾಫ್ಟ್‌ವೇರ್‌ನಲ್ಲಿ ಸೂತ್ರ ಬರೆಯುವ ಒಂದು ಬಾಕ್ಸ್ ಇದೆ. ಅದಕ್ಕೆ ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಗೊತ್ತು, ಆದರೆ 'ಇಫ್' ಬರೆದರೆ ಒಪ್ಪುವುದಿಲ್ಲ. ಪ್ರಶ್ನೆ ಗುರುತು, ಕೋಲನ್ ಹಾಕಿ ಬರಿ ಅಂತ ಗೆಳೆಯ ಹೇಳಿದ. ತೇವಾಂಶ 12ಕ್ಕಿಂತ ಜಾಸ್ತಿ ಇದ್ದರೆ ಒಂದು ದರ, 14ಕ್ಕಿಂತ ಜಾಸ್ತಿ ಇದ್ದರೆ ಇನ್ನೂ ಕಡಿಮೆ ದರ. ಹೀಗೆ ಬರೆದೆ:

"ದರ: " + ತೇವ > 12 ? ಹಸಿದರ : ತೇವ > 14 ? ತೀರಾಹಸಿದರ : ಪೂರ್ತಿದರ

13 ಇದ್ದ ಮಾಲಿಗೂ ಪೂರ್ತಿ ದರ ಬಂತು. 15ಕ್ಕೆ ಮಾತ್ರ ಸರಿಯಾಗಿ ಬಂತು. ಗೆಳೆಯ ಬ್ರಾಕೆಟ್ ಹಾಕು ಅಂದ. ಹಾಕಿದೆ. ಈಗ 13 ಸರಿಯಾಯ್ತು, 15 ಕೆಟ್ಟಿತು! ಇನ್ನೊಂದು ಬಾಕ್ಸಿನಲ್ಲಿ ಕಸಕಡ್ಡಿ ಕಡಿತಕ್ಕೆ 'ಕಡಿತ || 2' ಅಂತ ಇದೆ. ಬರೆಯದೆ ಬಿಟ್ಟರೆ ಕ್ವಿಂಟಲ್‌ಗೆ 2 ಕಿಲೋ ಹಿಡಿಯಲಿ ಅಂತ. ಆದರೆ ಮಾಲು ಸ್ವಚ್ಛ ಇದೆ ಅಂತ 0 ಹಾಕಿದರೂ 2 ಹಿಡಿಯುತ್ತಿದೆ. ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಬ್ರಾಕೆಟ್ ಹಾಕುವ ಮುಂಚೆ ಬಂದ ಬಿಲ್ಲುಗಳನ್ನು ಒಮ್ಮೆ ತೆಗೆದು ನೋಡಿ. ಅವುಗಳಲ್ಲಿ "ದರ:" ಅನ್ನುವ ಮಾತೇ ಅಚ್ಚಾಗಿರುವುದಿಲ್ಲ. ಬರೀ ಅಂಕಿ ಇರುತ್ತೆ. ಹೌದಲ್ರೀ? ನೀವು ಅದನ್ನು ಬರೆದಿಲ್ಲ, ಆದರೂ ನನಗೆ ಗೊತ್ತು. ಯಾಕೆ ಅಂತ ಹೇಳುತ್ತೇನೆ. ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಇದೆ.

ಅದಕ್ಕೂ ಮುಂಚೆ, ಈ ಬಾಕ್ಸ್ 'ಇಫ್' ಯಾಕೆ ಒಪ್ಪಲ್ಲ ಅನ್ನೋದು ಗೊತ್ತಿರಲಿ. ಪ್ರೋಗ್ರಾಮಿನಲ್ಲಿ ಎರಡು ಥರದ ವಾಕ್ಯ ಇರುತ್ತವೆ. ಒಂದು, ಕೆಲಸ ಹೇಳುವುದು: ಇದನ್ನು ಅಚ್ಚು ಹಾಕು, ಅದನ್ನು ಅಳಿಸು. ಇನ್ನೊಂದು, ಬೆಲೆ ಕೊಡುವುದು: 5 + 3 ಅಂದರೆ 8. ಈ ಎರಡನೆಯದಕ್ಕೆ ಎಕ್ಸ್‌ಪ್ರೆಶನ್ ಅನ್ನುತ್ತಾರೆ. ಅದು ಮುಗಿದಾಗ ಕೈಯಲ್ಲಿ ಏನೋ ಒಂದು ಉಳಿಯಲೇಬೇಕು. ಜಾವಾಸ್ಕ್ರಿಪ್ಟಿನ 'ಇಫ್' ಮೊದಲ ಗುಂಪಿನದು. ಷರತ್ತು ಸುಳ್ಳಾದರೆ ಏನೂ ಮಾಡದೆ ಸುಮ್ನೆ ಮುಂದೆ ಹೋಗಿಬಿಡಬಹುದು. ನಿಮ್ಮ ಬಾಕ್ಸಿಗೆ ಅದು ಆಗಲ್ಲ. ದರದ ಜಾಗದಲ್ಲಿ ಏನಾದರೂ ಬರಲೇಬೇಕು. ಎಕ್ಸೆಲ್ ಸೂತ್ರ, ವೆಬ್ ಪುಟದ ಟೆಂಪ್ಲೇಟು, ರಿಪೋರ್ಟಿನ ಕಾಲಂ ಎಲ್ಲಕ್ಕೂ ಇದೇ ಗುಣ.

ಸೂಪರ್ ಮಾರ್ಕೆಟ್ ಕಡೆ ಖಾನಾವಳಿಗೆ ಹೋಗಿ "ಬಿಸಿ ರೊಟ್ಟಿ ಇದ್ರ ರೊಟ್ಟಿ ಕೊಡ್ರೀ, ಇಲ್ಲಂದ್ರ ಚಪಾತಿ" ಅಂದರೆ ಅದೊಂದು ಎಕ್ಸ್‌ಪ್ರೆಶನ್. ಯಾವುದೇ ಆಗಲಿ, ತಟ್ಟೆಗೆ ಒಂದು ಬೀಳುತ್ತೆ. ಬರೀ "ಬಿಸಿ ರೊಟ್ಟಿ ಇದ್ರ ಕೊಡ್ರೀ" ಅಂದರೆ ಖಾಲಿ ತಟ್ಟೆ ಮುಂದೆ ಕೂತಿರಬೇಕಾಗಬಹುದು. ? ಮತ್ತು : ಎರಡೂ ಜೊತೆಯಾಗಿಯೇ ಬರಬೇಕು, ಕೋಲನ್ ಬಿಟ್ಟರೆ ತಪ್ಪು ತೋರಿಸುತ್ತೆ ಅನ್ನುವುದಕ್ಕೆ ಕಾರಣ ಇದೇ.

ಈ ಗುರುತುಗಳನ್ನು ಓದುವುದು ಕನ್ನಡದವರಿಗೆ ಸಲೀಸು. ನಮ್ಮ ಮಾತಿನಲ್ಲಿ ಷರತ್ತು ಮೊದಲೇ ಬರುತ್ತೆ. "ಹಸಿ ಇದ್ರ ಕಡಿಮಿ, ಇಲ್ಲಂದ್ರ ಪೂರ್ತಿ." ಇಲ್ಲಿ "ಇದ್ರ" ಅನ್ನೋದರ ಕೊನೆಯ 'ರ' ಇದೆಯಲ್ಲ, ಅದೇ ?. "ಇಲ್ಲಂದ್ರ" ಅನ್ನೋದೇ :. ಹಾಗೇ ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿಕೊಳ್ಳಿ, ಅರ್ಧ ತಪ್ಪು ಕಿವಿಗೇ ಸಿಗುತ್ತೆ. ಪೈಥಾನ್ ಭಾಷೆಯವರು ಇದನ್ನು ಉಲ್ಟಾ ಮಾಡಿದ್ದಾರೆ. ಅಲ್ಲಿ ಮೊದಲು ಬೆಲೆ, ಆಮೇಲೆ ಷರತ್ತು: "ಕಡಿಮೆ ದರ, ಹಸಿ ಇದ್ದರೆ, ಇಲ್ಲದಿದ್ದರೆ ಪೂರ್ತಿ". ಇಂಗ್ಲಿಷ್ ಮಾತಿಗೆ ಅದು ಹೊಂದುತ್ತೆ. ನನಗೆ ಇವತ್ತಿಗೂ ಅದನ್ನು ಎರಡು ಸಲ ಓದಬೇಕು.

ಈಗ ನಿಮ್ಮ ಸೂತ್ರಕ್ಕೆ ಬರೋಣ. ನೀವು ಅಂದುಕೊಂಡಿದ್ದು: "ದರ: " ಅನ್ನುವ ಮಾತಿನ ಮುಂದೆ ಆಯ್ಕೆಯಾದ ದರ ಬರಲಿ. ಕಂಪ್ಯೂಟರ್ ಓದಿದ್ದು ಹೀಗೆ:

("ದರ: " + ತೇವ) > 12 ? ಹಸಿದರ : ...

ಗಣಿತದಲ್ಲಿ ಕೂಡುವ ಮೊದಲು ಗುಣಿಸು ಅನ್ನುವ ನಿಯಮ ಇದೆಯಲ್ಲ, ಇಲ್ಲೂ ಅಂಥದ್ದೇ ಒಂದು ಸರದಿ ಇದೆ. ಮೊದಲು +, ಆಮೇಲೆ > ಥರದ ಹೋಲಿಕೆ, ಆಮೇಲೆ && ("ಮತ್ತು"), || ("ಅಥವಾ"), ಅವೆಲ್ಲ ಮುಗಿದ ಮೇಲೆ ? :. ಹಾಗಾಗಿ ಅದು ಮೊದಲು "ದರ: " ಮತ್ತು 13 ಅನ್ನು ಅಂಟಿಸಿ "ದರ: 13" ಮಾಡಿತು. ಆಮೇಲೆ "ದರ: 13" ಅನ್ನುವುದು 12ಕ್ಕಿಂತ ದೊಡ್ಡದಾ ಅಂತ ನೋಡಿತು. ಅಕ್ಷರ ಇರುವ ಮಾತನ್ನು ಅಂಕಿ ಮಾಡಲು ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಜಾವಾಸ್ಕ್ರಿಪ್ಟ್ ಕೂಗಾಡಲ್ಲ. "ಇದು ಅಂಕಿಯೇ ಅಲ್ಲ" ಅನ್ನುವ ಒಂದು ವಿಶೇಷ ಬೆಲೆ ಇಟ್ಟುಕೊಂಡು, ಹೋಲಿಕೆ ಸುಳ್ಳು ಅಂದುಬಿಡುತ್ತೆ. ಅಂದರೆ ಮೊದಲ ಷರತ್ತು ಯಾವ ಮಾಲಿಗೂ ನಿಜ ಆಗಲಿಲ್ಲ. "ದರ: " ಅನ್ನುವ ಮಾತು ಷರತ್ತಿನ ಒಳಗೇ ಸಿಕ್ಕಿಕೊಂಡಿತು, ಬಿಲ್ಲಿಗೆ ಬರಲೇ ಇಲ್ಲ. ನಾನು ಬಿಲ್ಲು ನೋಡದೆ ಹೇಳಿದ್ದು ಈ ಲೆಕ್ಕದ ಮೇಲೆ.

ಮೊದಲ ಷರತ್ತು ಸುಳ್ಳಾದ ಮೇಲೆ ಅದು ಕೋಲನ್ ಆಚೆ ಹೋಯಿತು. ಅಲ್ಲಿ 'ತೇವ > 14' ಇದೆ. ಅದಕ್ಕೆ ಯಾವ ಮಾತೂ ಅಂಟಿಲ್ಲ, ಸರಿಯಾಗಿಯೇ ಕೆಲಸ ಮಾಡಿತು. ಹಾಗಾಗಿ 15ಕ್ಕೆ ಸರಿಯಾದ ದರ ಬಂತು, 13ಕ್ಕೆ ಪೂರ್ತಿ ದರ.

ಗೆಳೆಯ ಹಾಕಿಸಿದ ಬ್ರಾಕೆಟ್ ಸರಿಯಾದದ್ದೇ:

"ದರ: " + (ತೇವ > 12 ? ಹಸಿದರ : ತೇವ > 14 ? ತೀರಾಹಸಿದರ : ಪೂರ್ತಿದರ)

ಆದರೆ ಮೊದಲ ತಪ್ಪು ಇಷ್ಟು ದಿನ ಎರಡನೇ ತಪ್ಪನ್ನು ಮುಚ್ಚಿಟ್ಟುಕೊಂಡಿತ್ತು. ಈಗ ಮೊದಲ ಷರತ್ತು ನೆಟ್ಟಗೆ ಕೆಲಸ ಮಾಡುತ್ತಿದೆ. 15 ಬಂದಾಗ ಅದು ಕೇಳುವ ಮೊದಲ ಪ್ರಶ್ನೆ, 12ಕ್ಕಿಂತ ಜಾಸ್ತಿಯಾ? ಹೌದು. ಅಲ್ಲಿಗೆ ಮುಗೀತು, ಹಸಿದರ ಕೊಟ್ಟು ಹೊರಟಿತು. 14ರ ಪ್ರಶ್ನೆಯ ತನಕ ಅದು ಹೋಗುವುದೇ ಇಲ್ಲ. 14 ದಾಟಿದ್ದೆಲ್ಲ 12 ದಾಟಿಯೇ ಇರುತ್ತಲ್ಲ. ಸಾಲಾಗಿ ಷರತ್ತು ಬರೆಯುವಾಗ ಬಿಗಿಯಾದದ್ದು, ಅಂದರೆ 14, ಮುಂದೆ ಇರಬೇಕು, ಸಡಿಲಾದದ್ದು, ಅಂದರೆ 12, ಹಿಂದೆ. ಕಾಳು ಜರಡಿ ಹಿಡಿಯುವಾಗ ಸಣ್ಣ ಕಣ್ಣಿನ ಜರಡಿಯನ್ನೇ ಮೊದಲು ಹಿಡಿದರೆ ಎಲ್ಲ ಅದರಲ್ಲೇ ನಿಲ್ಲುತ್ತೆ, ಅಲ್ವಾ?

ತಪ್ಪು ನಿಮ್ಮೊಬ್ಬರದ್ದು ಅಂದುಕೊಳ್ಳಬೇಡಿ. ಈ ಸಾಲು-ಷರತ್ತಿನಲ್ಲಿ ಇಡೀ ಒಂದು ಭಾಷೆಯೇ ವರ್ಷಗಟ್ಟಲೆ ಎಡವಿದೆ. ಸಿ, ಜಾವಾ, ಜಾವಾಸ್ಕ್ರಿಪ್ಟ್ ಎಲ್ಲ ಇದನ್ನು ಬಲಗಡೆಯಿಂದ ಗುಂಪು ಮಾಡುತ್ತವೆ. ಮೊದಲ ಕೋಲನ್ ಆಚೆ ಇರುವುದೆಲ್ಲ ಒಂದು ಗಂಟು. ಪಿಎಚ್‌ಪಿ ಮಾತ್ರ ಎಡಗಡೆಯಿಂದ ಗುಂಪು ಮಾಡುತ್ತಿತ್ತು. ಈ ಸಾಲು ನೋಡಿ:

ತೇವ > 14 ? "ತೀರಾ ಹಸಿ" : ತೇವ > 12 ? "ಹಸಿ" : "ಒಣ"

ಜಾವಾಸ್ಕ್ರಿಪ್ಟಿನಲ್ಲಿ 15ಕ್ಕೆ "ತೀರಾ ಹಸಿ" ಬರುತ್ತೆ. ಹಳೆಯ ಪಿಎಚ್‌ಪಿಯಲ್ಲಿ ಇದೇ ಥರ ಬರೆದರೆ "ಹಸಿ" ಬರುತ್ತಿತ್ತು. ಯಾಕೆಂದರೆ ಮೊದಲ ಭಾಗದಿಂದ ಬಂದ "ತೀರಾ ಹಸಿ" ಅನ್ನುವ ಮಾತನ್ನೇ ಅದು ಎರಡನೇ ಪ್ರಶ್ನೆಯ ಷರತ್ತು ಅಂದುಕೊಳ್ಳುತ್ತಿತ್ತು. ಖಾಲಿ ಇಲ್ಲದ ಮಾತು ನಿಜ ಅಂತ ಲೆಕ್ಕ. ಹಾಗಾಗಿ "ಹಸಿ". ಕೊನೆಗೆ 2019ರಲ್ಲಿ ಬಂದ 7.4 ಆವೃತ್ತಿಯಲ್ಲಿ ಎಚ್ಚರಿಕೆ ಕೊಟ್ಟು, 2020ರ 8.0ರಿಂದ ಬ್ರಾಕೆಟ್ ಇಲ್ಲದೆ ಹೀಗೆ ಬರೆಯುವುದನ್ನೇ ತಪ್ಪು ಮಾಡಿದರು. ಗೋ ಭಾಷೆ ಮಾಡಿದವರು ಇನ್ನೂ ಬಿಗಿ. ಜನ ಇದರಿಂದ ಓದಲಾಗದ ಗೋಜಲು ಕಟ್ಟುತ್ತಾರೆ ಅಂತ ? : ಅನ್ನೇ ಇಟ್ಟುಕೊಳ್ಳಲಿಲ್ಲ. ನನಗೆ ಅದು ಅತಿ ಅನಿಸುತ್ತೆ, ಆದರೆ ಅವರ ಭಯ ಸುಳ್ಳಲ್ಲ.

ಈಗ 'ಕಡಿತ || 2'. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದು. ದರ ತಪ್ಪಿದರೆ ಮಾಲೀಕರೋ ರೈತರೋ ಯಾರಾದರೂ ಕೂಗುತ್ತಾರೆ, ಗೊತ್ತಾಗುತ್ತೆ. ಇದು ಸದ್ದಿಲ್ಲದೆ ಹಿಡಿಯುತ್ತೆ. ಅದೂ ಕಾಳು ತೂರಿ, ಹಸನು ಮಾಡಿ ತಂದವನಿಂದಲೇ ಹಿಡಿಯುತ್ತೆ.

|| ಅನ್ನುವುದನ್ನು "ಅಥವಾ" ಅಂತ ಓದುತ್ತಾರೆ. ಜಾವಾಸ್ಕ್ರಿಪ್ಟಿನಲ್ಲಿ ಅದು ನಿಜ-ಸುಳ್ಳು ಹೇಳಿ ಸುಮ್ಮನಾಗಲ್ಲ. ಎಡಗಡೆಯದು ನಿಜದಂತಿದ್ದರೆ ಅದನ್ನೇ ಎತ್ತಿ ಕೊಡುತ್ತೆ, ಸುಳ್ಳಿನಂತಿದ್ದರೆ ಬಲಗಡೆಯದನ್ನು ಕೊಡುತ್ತೆ. ಸುಳ್ಳಿನಂತಿರುವುದು ಯಾವುದು? ಏನೂ ಇಲ್ಲದ್ದು, ಖಾಲಿ ಮಾತು, ಅಂಕಿಯೇ ಅಲ್ಲದ್ದು, ಮತ್ತು 0. ಸಿಕ್ಕಿಕೊಂಡಿದ್ದು ಇಲ್ಲೇ. "ಕಡಿತ ಸೊನ್ನೆ" ಅನ್ನುವುದಕ್ಕೂ "ಕಡಿತ ಎಷ್ಟು ಅಂತ ಯಾರೂ ಬರೆದಿಲ್ಲ" ಅನ್ನುವುದಕ್ಕೂ ಅದಕ್ಕೆ ವ್ಯತ್ಯಾಸ ಇಲ್ಲ. ನಿಮಗೂ ರೈತನಿಗೂ ಆ ವ್ಯತ್ಯಾಸ ಕ್ವಿಂಟಲ್‌ಗೆ 2 ಕಿಲೋ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8000 ರೂಪಾಯಿ. ಆ ಲೆಕ್ಕದಲ್ಲೇ ಹಿಡಿದರೂ ಒಂದು ಕ್ವಿಂಟಲ್‌ಗೆ 160 ರೂಪಾಯಿ ಹೋಯಿತು. 20 ಕ್ವಿಂಟಲ್ ತಂದವನಿಗೆ 3200.

ಈ ಗೊಂದಲ ಎಷ್ಟು ಜನರನ್ನು ಕಾಡಿತು ಅಂದರೆ, 2020ರ ಜಾವಾಸ್ಕ್ರಿಪ್ಟ್ ಆವೃತ್ತಿಯಲ್ಲಿ ಇದಕ್ಕೆಂದೇ ಹೊಸ ಗುರುತು ತಂದರು. ಎರಡು ಪ್ರಶ್ನೆ ಗುರುತು:

ಕಡಿತ ?? 2

ಇದು 0 ಅನ್ನು ಮುಟ್ಟುವುದಿಲ್ಲ. ಎಡಗಡೆ ನಿಜವಾಗಿಯೂ ಏನೂ ಇಲ್ಲದಿದ್ದಾಗ ಮಾತ್ರ 2 ಕೊಡುತ್ತೆ. ಆದರೆ ಒಂದು ಕಡೆ ಹುಷಾರಾಗಿರಿ. ಕೆಲವು ಸಾಫ್ಟ್‌ವೇರ್‌ಗಳು ಬರೆಯದೆ ಬಿಟ್ಟ ಜಾಗವನ್ನು "ಏನೂ ಇಲ್ಲ" ಅಂತ ಕೊಡದೆ, "" ಅನ್ನುವ ಖಾಲಿ ಮಾತಾಗಿ ಕೊಡುತ್ತವೆ. ?? ಕಣ್ಣಿಗೆ ಖಾಲಿ ಮಾತೂ ಒಂದು ಬೆಲೆಯೇ. ಆಗ 2 ಬರುವುದಿಲ್ಲ. ಎರಡಕ್ಕೂ ಆಗುವಂತೆ ಬರೆಯಬೇಕಾದರೆ:

(ಕಡಿತ ?? "") === "" ? 2 : ಕಡಿತ

=== ಅಂದರೆ "ಸರಿಯಾಗಿ ಅದೇ ಆಗಿದೆಯಾ" ಅಂತ. ಗಟ್ಟಿಯಾಗಿ ಓದಿ: ಕಡಿತ ಖಾಲಿ ಇದ್ದರೆ 2, ಇಲ್ಲಂದ್ರ ಬರೆದಷ್ಟು. ನಿಮ್ಮ ಸಾಫ್ಟ್‌ವೇರ್ ಹಳೆಯದಾಗಿದ್ದು ?? ಅನ್ನೇ ಒಪ್ಪದಿದ್ದರೆ 'ಕಡಿತ === 0 ? 0 : ಕಡಿತ || 2' ಅಂತ ಬರೆಯಿರಿ. ಚೆಂದ ಇಲ್ಲ, ಆದರೆ ಸರಿ ಇದೆ. ಹಾಗೇ ?? ಮತ್ತು || ಎರಡನ್ನೂ ಬ್ರಾಕೆಟ್ ಇಲ್ಲದೆ ಒಂದೇ ಸಾಲಿನಲ್ಲಿ ಬೆರೆಸಿದರೆ ಜಾವಾಸ್ಕ್ರಿಪ್ಟ್ ತಪ್ಪು ಅನ್ನುತ್ತೆ. ಒಳ್ಳೆಯದೇ.

ಇದೇ ಹಳ್ಳಕ್ಕೆ ಪೈಥಾನ್ ಮಂದಿಯೂ ಬಿದ್ದಿದ್ದರು. ಅವರ ಭಾಷೆಯಲ್ಲಿ ತುಂಬಾ ದಿನ ಷರತ್ತಿನ ಎಕ್ಸ್‌ಪ್ರೆಶನ್ ಇರಲಿಲ್ಲ. ಹಾಗಾಗಿ 'ಷರತ್ತು ಮತ್ತು ಇದು ಅಥವಾ ಅದು' ಅಂತ ಸುತ್ತಿ ಬರೆಯುತ್ತಿದ್ದರು. ನಡುವಿನ 'ಇದು' ಸೊನ್ನೆಯಾದರೆ ತೀರಿತು, ಷರತ್ತು ನಿಜವಾದರೂ 'ಅದು' ಬರುತ್ತಿತ್ತು. 2006ರಲ್ಲಿ 2.5 ಆವೃತ್ತಿಯಲ್ಲಿ ನೆಟ್ಟಗಿನ ದಾರಿ ಕೊಟ್ಟರು. ನಾನೂ ಆ ಹಳ್ಳದಲ್ಲಿ ಬಿದ್ದವನೇ. ಒಂದು ಕಾಲೇಜಿನ ಅಂಕಪಟ್ಟಿಯ ಕೆಲಸದಲ್ಲಿ, 0 ಅಂಕ ತೆಗೆದ ಹುಡುಗರನ್ನೆಲ್ಲ "ಗೈರುಹಾಜರಿ" ಅಂತ ತೋರಿಸಿದ್ದೆ. ಒಬ್ಬ ಹುಡುಗ ಬಂದು, "ಸರ್, ಪರೀಕ್ಷೆಗೆ ಬಂದಿದ್ದೆ ರೀ, ಏನೂ ಬರೀಲಿಲ್ಲ ಅಷ್ಟೇ" ಅಂದ. ಅವನ ಮಾತಿಗಿಂತ ಚೆನ್ನಾಗಿ ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸವನ್ನು ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ.

ನೀವು ಕೇಳದ ಒಂದು ವಿಷಯ ಇದೆ, ಆದರೆ ಹೇಳದಿದ್ದರೆ ಮುಂದಿನ ವಾರ ಕೇಳುತ್ತೀರಿ. ? : ಎರಡು ಕಡೆಯನ್ನೂ ಲೆಕ್ಕ ಹಾಕುವುದಿಲ್ಲ. ಆಯ್ಕೆಯಾದ ಕಡೆಯನ್ನು ಮಾತ್ರ ಹಾಕುತ್ತೆ. ಚೀಲಕ್ಕೆ ಸರಾಸರಿ ಎಷ್ಟು ತೂಕ ಅಂತ ಬೇಕಾದರೆ 'ಚೀಲ > 0 ? ತೂಕ / ಚೀಲ : 0' ಅಂತ ಧೈರ್ಯವಾಗಿ ಬರೆಯಬಹುದು. ಚೀಲ ಸೊನ್ನೆ ಇದ್ದಾಗ ಭಾಗಾಕಾರದ ಕಡೆ ಅದು ತಲೆಯೇ ಹಾಕಲ್ಲ.

ಈ ಗುಣ ಬಂದಿದ್ದು ಚದುರಂಗದಿಂದ. 1957-58ರ ಸುಮಾರಿಗೆ ಜಾನ್ ಮೆಕಾರ್ಥಿ ಅನ್ನುವವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಐಬಿಎಂ 704 ಯಂತ್ರಕ್ಕೆ ಚದುರಂಗದ ನಡೆಗಳ ಪ್ರೋಗ್ರಾಮ್ ಬರೆಯುತ್ತಿದ್ದರು. ಭಾಷೆ ಫೋರ್ಟ್ರಾನ್. ಅದರ 'ಇಫ್' ಬಳಸೋದಕ್ಕೆ ಕಿರಿಕಿರಿ ಅಂತ ತಾವೇ ಎಕ್ಸ್‌ಐಎಫ್ ಅನ್ನುವ ಒಂದು ಫಂಕ್ಷನ್ ಮಾಡಿಕೊಂಡರು. ಷರತ್ತು ಕೊಟ್ಟು ಎರಡು ಬೆಲೆ ಕೊಟ್ಟರೆ ಒಂದನ್ನು ಆರಿಸಿ ಕೊಡುತ್ತಿತ್ತು. ತೊಂದರೆ ಏನೆಂದರೆ ಫಂಕ್ಷನ್ನಿಗೆ ಒಪ್ಪಿಸುವ ಮುಂಚೆಯೇ ಎರಡು ಬೆಲೆಗಳನ್ನೂ ಲೆಕ್ಕ ಹಾಕಿಡಬೇಕಿತ್ತು. ಒಂದು ಬೇಕು, ಎರಡಕ್ಕೂ ದುಡಿ. ಆ ಬೇಸರದಿಂದಲೇ, ಬೇಕಾದ ಕಡೆಯನ್ನು ಮಾತ್ರ ಲೆಕ್ಕ ಹಾಕುವ ಷರತ್ತಿನ ಎಕ್ಸ್‌ಪ್ರೆಶನ್ ಹುಟ್ಟಿತು. ಅವರ ಲಿಸ್ಪ್ ಭಾಷೆಗೆ ಬಂತು, ಅಲ್ಗಾಲ್ 60 ಅನ್ನುವ ಭಾಷೆಗೂ ಬಂತು. ? : ಅನ್ನುವ ಗುರುತು ಆಮೇಲಿನದು. ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾ ಸಂಸ್ಥೆಯ ಬಿ ಭಾಷೆಯಲ್ಲಿತ್ತು, ಅಲ್ಲಿಂದ ಸಿ ಭಾಷೆಗೆ ಬಂತು, ಸಿ ಇಂದ ಊರಿಗೆಲ್ಲ ಹರಡಿತು. ಇದಕ್ಕೆ ಟರ್ನರಿ ಅನ್ನುವ ಹೆಸರೂ ಇದೆ. ಷರತ್ತು, ಆದರೆ, ಇಲ್ಲಾಂದ್ರೆ ಹೀಗೆ ಮೂರು ತುಂಡು ಇರುವುದರಿಂದ ಆ ಹೆಸರು. ನಾನು ಪಾಠದಲ್ಲಿ ತ್ರಿಪದಿ ಅಂತಲೇ ಕರೆಯೋದು. ಹುಡುಗರು ನಗುತ್ತಾರೆ, ಆದರೆ ಮರೆಯಲ್ಲ.

ಒಂದು ಕಡೆ ಅಂಕಿ, ಇನ್ನೊಂದು ಕಡೆ ಮಾತು ಇಡಬೇಡಿ, ಅದೂ ಮೊತ್ತ ಕೂಡುವ ಕಾಲಂನಲ್ಲಿ. 'ಇದ್ದರೆ ದರ, ಇಲ್ಲಂದ್ರ "ಇಲ್ಲ"' ಅಂತ ಬರೆದು ಆಮೇಲೆ ಅದನ್ನು 8000ಕ್ಕೆ ಕೂಡಿದರೆ "8000ಇಲ್ಲ" ಅಂತ ಬರುತ್ತೆ. ನಗಬೇಡಿ, ಇಂಥ ಬಿಲ್ಲು ನೋಡಿದ್ದೇನೆ.

ಎಷ್ಟು ಸಾಲು ಷರತ್ತು ಬರೆಯಬಹುದು? ಎಕ್ಸೆಲ್ 2003ರ ತನಕ 7 ಇಫ್‌ಗಳನ್ನು ಒಂದರೊಳಗೊಂದು ಇಡಬಹುದಿತ್ತು, ಈಗ 64. ಯಾರಿಗೆ ಬೇಕು 64! ನನ್ನ ಲೆಕ್ಕದಲ್ಲಿ ಎರಡು-ಮೂರು ಕೋಲನ್, ಅಷ್ಟೇ. ಅದಕ್ಕಿಂತ ಜಾಸ್ತಿ ಆದರೆ ಮಿತಿ ಮತ್ತು ದರಗಳನ್ನು ಬೇರೆ ಕೋಷ್ಟಕದಲ್ಲಿ ಬರೆದಿಟ್ಟು, ಸೂತ್ರ ಅಲ್ಲಿಂದ ಹುಡುಕುವ ಹಾಗೆ ಮಾಡಿ. ಮುಂದಿನ ಹಂಗಾಮಿಗೆ ಮಿತಿ ಬದಲಾದರೆ ಸೂತ್ರ ಕೆದಕುವ ಕೆಲಸ ಇರಲ್ಲ. ಎಸ್‌ಎಂಎಸ್ ಕಳಿಸು, ಚೀಟಿ ಅಚ್ಚು ಹಾಕು ಥರದ ಕೆಲಸಗಳನ್ನಂತೂ ? : ಒಳಗೆ ತುರುಕಲೇಬೇಡಿ. ಅದು ಆರಿಸುವುದಕ್ಕೆ ಇರುವುದು.

ನಿಮ್ಮ ದರದ ಸೂತ್ರ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ದರ: " + (
(ತೇವ ?? "") === "" ? "ತೇವ ಬರೆದಿಲ್ಲ"
: ತೇವ > 14 ? ತೀರಾಹಸಿದರ
: ತೇವ > 12 ? ಹಸಿದರ
: ಪೂರ್ತಿದರ)

ಮೊದಲ ಸಾಲು ಯಾಕೆ ಅಂದರೆ, ತೇವ ಅಳೆಯದೆ ಬಿಟ್ಟರೆ ಹೋಲಿಕೆಗಳೆಲ್ಲ ಸುಳ್ಳಾಗಿ, ಮಾಲು ಕೊನೆಯ ಕೋಲನ್‌ಗೆ ಬೀಳುತ್ತೆ. ಅಂದರೆ ಅಳೆಯದ ಮಾಲಿಗೆಲ್ಲ ಪೂರ್ತಿ ದರ! ಕೊನೆಯ ಕೋಲನ್ ಆಚೆ ಇರುವುದು "ಒಣ ಮಾಲು" ಮಾತ್ರ ಅಲ್ಲ, ಮೇಲೆ ಎಲ್ಲೂ ಹಿಡಿಯದ ಎಲ್ಲವೂ. ಇಲ್ಲಿ ಮಾತು ಬಂದರೂ ಪರವಾಗಿಲ್ಲ, ಹೇಗೂ "ದರ: " ಜೊತೆ ಅಂಟುವ ಸಾಲು ಇದು. ಮೊತ್ತದ ಸೂತ್ರದಲ್ಲಿ ಹೀಗೆ ಮಾಡಬೇಡಿ. ಪ್ರತಿ ಷರತ್ತಿಗೂ ಒಂದು ಸಾಲು ಕೊಟ್ಟಿದ್ದು ಕಣ್ಣಿಗೆ ಕಾಣಲಿ ಅಂತ. ಕಂಪ್ಯೂಟರಿಗೆ ಎಲ್ಲ ಒಂದೇ. ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದನ್ನು ಬದಲಿಸಬೇಕಾಗಿಲ್ಲ, ಜಾವಾಸ್ಕ್ರಿಪ್ಟ್ ಅದನ್ನು ಒಪ್ಪುತ್ತೆ.

ಬದಲಿಸಿದ ಮೇಲೆ ತೇವಕ್ಕೆ 11, 12, 13, 14, 15 ಹಾಕಿ ನೋಡಿ, ಖಾಲಿ ಬಿಟ್ಟೂ ನೋಡಿ. ಕಡಿತಕ್ಕೆ 0, 1, ಖಾಲಿ. ಹತ್ತು ನಿಮಿಷದ ಕೆಲಸ. 12 ಹಾಕಿದಾಗ ಪೂರ್ತಿ ದರ ಬರುತ್ತೆ, ಯಾಕೆಂದರೆ > ಅಂದರೆ "ದಾಟಿದರೆ" ಮಾತ್ರ. ಸರಿಯಾಗಿ 12 ಇದ್ದ ಮಾಲನ್ನೂ ಹಸಿ ಅನ್ನಬೇಕಾದರೆ >= ಬೇಕು. ಯಾವುದು ಸರಿ ಅನ್ನುವುದನ್ನು ನಿಮ್ಮ ಮಾಲೀಕರನ್ನೇ ಕೇಳಿ, ಕೇಳಿದ್ದನ್ನು ಸೂತ್ರದ ಪಕ್ಕ ಬರೆದಿಡಿ.

ಹಾಗೇ ಖಾಲಿ ಬಿಟ್ಟರೆ 2 ಕಿಲೋ ಹಿಡಿಯಬೇಕಾ ಅನ್ನುವುದನ್ನೂ ಕೇಳಿ. ನನ್ನನ್ನು ಕೇಳಿದರೆ, ನೀವು ಬರೆಯಲು ಮರೆತದ್ದಕ್ಕೆ ರೈತ ಯಾಕೆ ಕೊಡಬೇಕು? ಹಳೆಯ ಬಿಲ್ಲುಗಳಲ್ಲಿ ಕಡಿತದ ಜಾಗದಲ್ಲಿ 0 ಬರೆದಿದ್ದು, ತೂಕದಲ್ಲಿ ಮಾತ್ರ 2ರ ಲೆಕ್ಕ ಹಿಡಿದಿರುವವನ್ನು ಬೇರೆ ತೆಗೆಯಿರಿ. ಸಾಫ್ಟ್‌ವೇರ್‌ನಲ್ಲಿ ಹುಡುಕಲು ಷರತ್ತು 'ಕಡಿತ === 0', ಅಷ್ಟೇ. ಬರುವ ಪಟ್ಟಿಯಲ್ಲಿ ಇರುವವರಿಗೆಲ್ಲ ನಿಮ್ಮ ಅಂಗಡಿಯಿಂದ ದುಡ್ಡು ಬರಬೇಕಿದೆ.